ಒಣಗಿಸಿದರೆ ಸಾಯುವ ಬೀಜಗಳು: ವಸಂತದ ಹೂಮರಗಳ ಬೀಜವನ್ನು ಕಾಪಿಟ್ಟು ಬಿತ್ತುವ ಬಗೆ

ಶಿರಸಿ, ಸಿದ್ದಾಪುರ ಸೀಮೆಯ ಹಳೆಯ ಮನೆಗಳಲ್ಲಿ ಬೀಜ ಇಡುವ ಜಾಗಗಳು ಎರಡಿದ್ದವು. ಮೊಗೆಕಾಯಿ, ಹೀರೆ, ಬೆಂಡೆ, ಅವರೆಗಳ ಬೀಜ ಬೂದಿಯಲ್ಲಿ ಹೊರಳಿ, ನಾಲ್ಕು ಬಿಸಿಲು ಕಂಡು, ಒಲೆಯ ಹೊಗೆ ತಾಗುವ ಅಟ್ಟಕ್ಕೆ ಏರುತ್ತಿತ್ತು. ಹಲಸಿನ ಬೇಳೆ ಮಾತ್ರ ಅಟ್ಟ ಏರುತ್ತಿರಲಿಲ್ಲ. ಅದನ್ನು ಕೆಮ್ಮಣ್ಣಿನಲ್ಲಿ ಕಲಸಿ, ಮನೆಯ ತಂಪಾದ ಮೂಲೆಯಲ್ಲಿ ರಾಶಿ ಹಾಕಿ, ಮಳೆಗಾಲದುದ್ದಕ್ಕೂ ಬೇಕೆಂದಾಗ ಬೇಕಾದಷ್ಟನ್ನೇ ತೆಗೆದು ತೊಳೆದು ಪಲ್ಯಕ್ಕೋ ಹುಳಿಗೋ ಹಾಕುತ್ತಿದ್ದರು. ಬೇಳೆಯನ್ನು ಹಾಗೆ ಇಟ್ಟದ್ದು ಉಣ್ಣಲಿಕ್ಕೇ ಹೊರತು ಬಿತ್ತಲಿಕ್ಕಲ್ಲ ಎಂಬುದು ನಿಜ. ಆದರೂ ಕೆಲವು ಬೀಜಗಳನ್ನು ಒಣಗಿಸಿ ಇಡಬೇಕು, ಕೆಲವನ್ನು ಹಸಿಯಾಗಿಯೇ ಇಡಬೇಕು ಎಂಬ ತಿಳಿವಳಿಕೆ ಆ ಎರಡು ಜಾಗಗಳಲ್ಲಿ ಅಡಗಿತ್ತು.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ತಡವಾಗಿ, ಅದೂ ನಷ್ಟದಿಂದ. ಒಂದು ವರ್ಷ ಅಂಗಳದಂಚಿನ ಸಂಪಿಗೆ ಮರದ ಕೆಳಗೆ ಬಿದ್ದಿದ್ದ ಕೆಂಪು ಬೀಜಗಳನ್ನು ಆರಿಸಿ, ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ತುಂಬಿಟ್ಟು, ಮುಂದಿನ ಮಳೆಗಾಲದ ಮೊದಲಲ್ಲಿ ಬಿತ್ತಿದೆ. ನೂರಕ್ಕೂ ಹೆಚ್ಚು ಬೀಜಗಳಲ್ಲಿ ಒಂದೂ ಏಳಲಿಲ್ಲ. ಅದೇ ಮರದಡಿಯ ದರಕಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬಿದ್ದಿದ್ದ ಬೀಜಗಳಿಂದ ಹತ್ತಾರು ಸಸಿಗಳು ಎದ್ದಿದ್ದವು. ತರಕಾರಿ ಬೀಜಕ್ಕೆ ತೋರಿಸಿದ ಕಾಳಜಿಯನ್ನೇ ಸಂಪಿಗೆಗೂ ತೋರಿಸಿದ್ದೆ. ಆ ಕಾಳಜಿಯೇ ಅದನ್ನು ಕೊಂದಿತ್ತು.

ಘಟ್ಟದ ಮೇಲೂ ಕರಾವಳಿಯಲ್ಲೂ ವಸಂತದಲ್ಲಿ ಹೂ ಬಿಡುವ ಅಂಗಳದ ಮರಗಳೆಂದರೆ ಮೊದಲು ನೆನಪಾಗುವವು ಸುರಗಿ, ಸಂಪಿಗೆ, ನಾಗಸಂಪಿಗೆ ಮತ್ತು ಸೀತಾ ಅಶೋಕ. ಈ ನಾಲ್ಕರ ಬೀಜಗಳೂ ಅಲ್ಪಾಯುಷಿಗಳು. ಆಯುಷ್ಯ ಏಕೆ ಕಡಿಮೆ ಎಂಬುದನ್ನು ತಿಳಿದುಕೊಂಡರೆ ಅವನ್ನು ಇಡುವ ಮತ್ತು ಬಿತ್ತುವ ಕ್ರಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಒಣಗುವ ಕಲೆ ಗೊತ್ತಿರುವ ಬೀಜ, ಗೊತ್ತಿಲ್ಲದ ಬೀಜ

ಬ್ರಿಟನ್ನಿನ ಬೀಜವಿಜ್ಞಾನಿ ಇ. ಎಚ್. ರಾಬರ್ಟ್ಸ್ ಅವರು 1973ರಲ್ಲಿ ಬೀಜಗಳನ್ನು ಅವುಗಳ ಶೇಖರಣಾ ಗುಣದ ಆಧಾರದ ಮೇಲೆ ಎರಡು ಗುಂಪು ಮಾಡಿದರು. ಒಣಗಿಸಿ ತಂಪಿನಲ್ಲಿಟ್ಟಷ್ಟೂ ಹೆಚ್ಚು ಬಾಳುವ ಬೀಜಗಳಿಗೆ ‘ಆರ್ಥೊಡಾಕ್ಸ್’ ಎಂದೂ, ಒಣಗಿಸಿದರೆ ಸಾಯುವ ಬೀಜಗಳಿಗೆ ‘ರೆಕ್ಯಾಲ್ಸಿಟ್ರಂಟ್’ ಎಂದೂ ಹೆಸರಿಟ್ಟರು. ಎರಡನೆಯ ಪದಕ್ಕೆ ಹೇಳಿದ ಮಾತು ಕೇಳದ, ಮೊಂಡು ಎಂಬ ಅರ್ಥವಿದೆ. ಕನ್ನಡದಲ್ಲಿ ಹಟಮಾರಿ ಬೀಜ ಎನ್ನಬಹುದು. 1990ರಲ್ಲಿ ಕಾಫಿ ಬೀಜದ ಮೇಲಿನ ಅಧ್ಯಯನದಿಂದ ಇವೆರಡರ ನಡುವಿನ ಮೂರನೆಯ ಗುಂಪೊಂದು ಸೇರಿಕೊಂಡಿತು. ಈ ನಡುವಿನ ಬೀಜಗಳು ಒಂದು ಮಟ್ಟದವರೆಗೆ ಒಣಗನ್ನು ಸಹಿಸುತ್ತವೆ, ಅದಕ್ಕೂ ಕೆಳಗಿಳಿದರೆ ಕೆಡುತ್ತವೆ.

ಒಣಗನ್ನು ಸಹಿಸುವುದು ಬೀಜಕ್ಕೆ ತಾನಾಗಿ ಬರುವ ಗುಣವಲ್ಲ. ಅವರೆಯ ಕಾಯಿ ಬಳ್ಳಿಯಲ್ಲಿ ಬಲಿಯುವಾಗ, ಕೊನೆಯ ಕೆಲವು ದಿನಗಳಲ್ಲಿ ಬೀಜದೊಳಗಿನ ಜೀವಕೋಶಗಳು ಒಣಗಿಗೆ ಸಿದ್ಧತೆ ಮಾಡಿಕೊಳ್ಳುತ್ತವೆ. ಕೋಶಗಳಲ್ಲಿ ಕೆಲವು ವಿಶೇಷ ಸಕ್ಕರೆಗಳೂ ರಕ್ಷಕ ಪ್ರೋಟೀನುಗಳೂ ಶೇಖರವಾಗುತ್ತವೆ, ಕೋಶದೊಳಗಿನ ನೀರಿನ ಚೀಲಗಳು ಕುಗ್ಗುತ್ತವೆ, ಉಸಿರಾಟ ತಗ್ಗುತ್ತದೆ. ನೀರು ಹೊರಟುಹೋದ ಮೇಲೆ ಈ ಸಕ್ಕರೆ ಮತ್ತು ಪ್ರೋಟೀನುಗಳು ಗಾಜಿನಂತೆ ಗಟ್ಟಿಕಟ್ಟಿ, ಕೋಶದ ಪೊರೆಗಳು ಒಂದಕ್ಕೊಂದು ಅಂಟಿ ಹರಿಯದಂತೆ ಹಿಡಿದಿಡುತ್ತವೆ. ಹೀಗೆ ಒಣಗಿದ ಬೀಜದಲ್ಲಿ ಜೀವಕ್ರಿಯೆ ಬಹುತೇಕ ನಿಂತಿರುತ್ತದೆ. ಮತ್ತೆ ನೀರು ಸಿಕ್ಕಾಗ ನಿಂತಲ್ಲಿಂದ ಮುಂದುವರಿಯುತ್ತದೆ.

ಹಟಮಾರಿ ಬೀಜಗಳಲ್ಲಿ ಈ ಸಿದ್ಧತೆ ನಡೆಯುವುದೇ ಇಲ್ಲ, ನಡೆದರೂ ಅರ್ಧಕ್ಕೇ ನಿಲ್ಲುತ್ತದೆ. ಅವು ಮರದಿಂದ ಉದುರುವಾಗಲೇ ತಮ್ಮ ತೂಕದ ಮೂರನೆಯ ಒಂದು ಭಾಗವನ್ನೋ ಅರ್ಧವನ್ನೋ ನೀರಾಗಿ ಹೊತ್ತಿರುತ್ತವೆ. ದಕ್ಷಿಣ ಆಫ್ರಿಕದ ಪೆಟ್ರೀಷಿಯಾ ಬರ್ಜಾಕ್ ಮತ್ತು ನಾರ್ಮನ್ ಪ್ಯಾಮೆಂಟರ್ ಇಂಥ ಬೀಜಗಳನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದವರು. ಅವರ ಕೆಲಸದಿಂದ ಸ್ಪಷ್ಟವಾದ ಮುಖ್ಯ ಸಂಗತಿಯೆಂದರೆ, ಇಂಥ ಬೀಜ ಉದುರಿದ ಮೇಲೂ ನಿದ್ದೆಗೆ ಜಾರುವುದಿಲ್ಲ. ಮೊಳಕೆಯೊಡೆಯುವ ಕೆಲಸವನ್ನು ಅದು ಒಳಗೊಳಗೇ ಆರಂಭಿಸಿಬಿಟ್ಟಿರುತ್ತದೆ. ಆದ್ದರಿಂದ ಅದನ್ನು ಶೇಖರಿಸುವುದೆಂದರೆ ನಿಧಾನವಾಗಿ ಮೊಳೆಯುತ್ತಿರುವ ಒಂದು ಸಸಿಯನ್ನು ಚೀಲದಲ್ಲಿ ಸಾಕಿದಂತೆ. ಅದಕ್ಕೆ ನೀರು ಬೇಕು, ಗಾಳಿ ಬೇಕು, ಹಿತವಾದ ತಂಪು ಬೇಕು. ಅಟ್ಟದ ಹೊಗೆ, ಬೂದಿ, ಬಿಗಿ ಮುಚ್ಚಳದ ಡಬ್ಬಿ ಈ ಯಾವುದೂ ಅದಕ್ಕೆ ಒಗ್ಗುವುದಿಲ್ಲ.

ಅಡಕೆ ಬೆಳೆಗಾರರಿಗೆ ಇದು ಹೊಸ ಮಾತಾಗಬೇಕಿಲ್ಲ. ಬೀಜಕ್ಕೆಂದು ಆರಿಸಿದ ಹಣ್ಣಡಕೆಯನ್ನು ಯಾರೂ ಸುಲಿದು ಒಣಗಿಸಿ ಇಟ್ಟು ಬಿತ್ತುವುದಿಲ್ಲ; ಗೊನೆ ಇಳಿಸಿದ ಕೂಡಲೇ ಇಡೀ ಹಣ್ಣನ್ನು ತೊಟ್ಟು ಮೇಲಾಗಿ ಮರಳಿನ ಪಾತಿಯಲ್ಲಿ ಊರುತ್ತಾರೆ. ಅಡಕೆಯೂ ಹಟಮಾರಿ ಗುಂಪಿಗೇ ಸೇರಿದ ಬೀಜ. ತೋಟದಲ್ಲಿ ತಪ್ಪದೆ ಪಾಲಿಸುವ ಈ ನಿಯಮವನ್ನು ಅಂಗಳದ ಹೂಮರಕ್ಕೆ ಬಂದಾಗ ನಾವೇಕೆ ಮರೆಯುತ್ತೇವೋ ತಿಳಿಯದು.

ಮಳೆಯೊಂದಿಗೆ ಉದುರುವ ಬೀಜ

ಬೀಜದ ಸ್ವಭಾವಕ್ಕೂ ಅದು ಉದುರುವ ಕಾಲಕ್ಕೂ ಹತ್ತಿರದ ನಂಟಿದೆ, ಮತ್ತು ಈ ನಂಟನ್ನು ನೋಡಲು ಉತ್ತರ ಕನ್ನಡದಷ್ಟು ಅನುಕೂಲವಾದ ಜಿಲ್ಲೆ ಇನ್ನೊಂದಿರಲಾರದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪೂರ್ವದ ಹಳಿಯಾಳ, ಮುಂಡಗೋಡ ಕಡೆ ಮಳೆ ಇದರ ಅರ್ಧವೂ ಇಲ್ಲ. ಆ ಒಣ ಕಾಡಿನ ಸಾಗುವಾನಿ, ಮತ್ತಿಯಂಥ ಮರಗಳು ಬೇಸಿಗೆಯಲ್ಲಿ, ನೆಲ ಕಾದಿರುವಾಗ ಬೀಜ ಉದುರಿಸುತ್ತವೆ. ಆ ಬೀಜ ಮಳೆ ಬರುವ ತನಕ ಬಿಸಿಲಿನಲ್ಲಿ ಬಿದ್ದಿರಬೇಕಾದ್ದರಿಂದ ಗಟ್ಟಿ ಹೊರಕವಚವನ್ನೂ ಒಣಗಿ ಬದುಕುವ ಶಕ್ತಿಯನ್ನೂ ಪಡೆದಿರುತ್ತದೆ. ಘಟ್ಟದ ಪಶ್ಚಿಮ ಮಗ್ಗುಲಿನ ನಿತ್ಯಹರಿದ್ವರ್ಣ ಕಾಡಿನ ಮರಗಳಲ್ಲಿ ಅನೇಕವು ಮುಂಗಾರಿನ ಹೊಸ್ತಿಲಲ್ಲೋ ಮಳೆಯ ನಡುವೆಯೋ ಬೀಜ ಕೆಡಹುತ್ತವೆ. ಬಿದ್ದ ಜಾಗ ಒದ್ದೆಯಾಗಿಯೇ ಇರುವುದರಿಂದ ಒಣಗನ್ನು ಎದುರಿಸುವ ಅಗತ್ಯ ಅವಕ್ಕಿಲ್ಲ. ಗಟ್ಟಿ ಕವಚಕ್ಕೆ ವ್ಯಯಿಸಬೇಕಾದ ಶಕ್ತಿಯನ್ನು ದಪ್ಪ ಬೇಳೆಗೆ ತುಂಬಿ, ತೆಳು ಸಿಪ್ಪೆ ಹೊದಿಸಿ, ಕೂಡಲೇ ಬೇರು ಬಿಡುವಂತೆ ಸಜ್ಜುಗೊಳಿಸಿರುತ್ತವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಬೆಳೆಯುವ ಕಾಡುಜಾಯಿಕಾಯಿಯ ಬಳಗದ ಮರಗಳು ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ. ಸಾಮಾನ್ಯವಾಗಿ ದೊಡ್ಡದು, ಭಾರದ್ದು, ತೆಳು ಸಿಪ್ಪೆಯದು, ಮಳೆಯಲ್ಲಿ ಉದುರುವಂಥದ್ದು ಎಂಬ ನಾಲ್ಕು ಲಕ್ಷಣಗಳು ಒಂದೇ ಬೀಜದಲ್ಲಿ ಕಂಡರೆ ಅದನ್ನು ಒಣಗಿಸದಿರುವುದೇ ಸುರಕ್ಷಿತ.

ಸುರಗಿ ಫೆಬ್ರವರಿಯಿಂದ ಏಪ್ರಿಲ್ ನಡುವೆ ಹಳೆಯ ಕೊಂಬೆಗಳ ಮೈಮೇಲೆಯೇ ಬಿಳಿ ಹೂ ಬಿಡುತ್ತದೆ. ಕಾರವಾರದ ಕಡೆ ಸುರಂಗಿ ಎಂಬ ಹೆಸರಿನಲ್ಲಿ ಅದರ ದಂಡೆ ಪೇಟೆಗೂ ಬರುತ್ತದೆ. ಹಣ್ಣು ಮೇ ಜೂನ್ ಹೊತ್ತಿಗೆ ಉದುರುತ್ತದೆ, ಒಳಗೆ ದೊಡ್ಡ ಬೀಜವಿರುತ್ತದೆ. ಹಳ್ಳದ ದಂಡೆಯನ್ನು ಮೆಚ್ಚುವ ಸೀತಾ ಅಶೋಕವೂ ಅದೇ ಋತುವಿನಲ್ಲಿ ಕಿತ್ತಳೆ-ಕೆಂಪು ಗೊಂಚಲು ಬಿಟ್ಟು, ಮಳೆ ಹಿಡಿಯುವ ಹೊತ್ತಿಗೆ ಚಪ್ಪಟೆ ಕೋಡುಗಳನ್ನು ಒಡೆಯುತ್ತದೆ. ನಾಗಸಂಪಿಗೆಯ ಕಾಯಿ ಬಲಿಯುವುದು ಇನ್ನೂ ತಡ, ಮಳೆಗಾಲದ ಕೊನೆಯ ಭಾಗದಲ್ಲಿ. ಅದರ ಬೀಜದಲ್ಲಿ ಎಣ್ಣೆಯಂಶ ಬಹಳ. ಸಂಪಿಗೆಯದು ಸ್ವಲ್ಪ ಬೇರೆ ಕಥೆ. ಅದರ ಬೀಜ ಚಿಕ್ಕದು, ಒಂದಿಷ್ಟು ಒಣಗನ್ನು ತಡೆದುಕೊಳ್ಳುತ್ತದೆ, ಆದ್ದರಿಂದ ಅದನ್ನು ನಡುವಿನ ಗುಂಪಿನಲ್ಲಿಟ್ಟು ನೋಡುವುದು ಒಳ್ಳೆಯದು. ಆದರೆ ಎಣ್ಣೆ ತುಂಬಿದ ಆ ಬೀಜ ಕೋಣೆಯ ಬಿಸುಪಿನಲ್ಲಿ ಕೆಲವೇ ವಾರಗಳಲ್ಲಿ ಕೆಡುವುದರಿಂದ, ಬಿತ್ತುವವನ ಪಾಲಿಗೆ ಅದೂ ಅಲ್ಪಾಯುಷಿಯೇ.

ಆರಿಸುವುದು ಮತ್ತು ಶುಚಿ ಮಾಡುವುದು

ಇಂಥ ಬೀಜವನ್ನು ಮರದಿಂದ ಕಿತ್ತು ತರಬಾರದು. ಬಲಿಯುವ ಮೊದಲೇ ಕಿತ್ತ ಬೀಜದಲ್ಲಿ ಭ್ರೂಣ ಪೂರ್ತಿ ಬೆಳೆದಿರುವುದಿಲ್ಲ. ತಾನಾಗಿ ಬಿದ್ದದ್ದನ್ನು ಬಿದ್ದ ದಿನವೋ ಮರುದಿನವೋ ಆರಿಸಬೇಕು, ಏಕೆಂದರೆ ಮೇ ತಿಂಗಳ ಬಿಸಿಲಿನಲ್ಲಿ ಕಾಂಕ್ರೀಟ್ ಅಂಗಳದ ಮೇಲೆ ಎರಡು ದಿನ ಬಿದ್ದಿದ್ದ ಸುರಗಿ ಬೀಜ ಹೊರಗೆ ನುಣುಪಾಗಿ ಕಂಡರೂ ಒಳಗೆ ಸತ್ತಿರಬಹುದು.

ಹಣ್ಣಿನ ತಿರುಳನ್ನು ಪೂರ್ತಿ ತೆಗೆಯಬೇಕು. ಸಂಪಿಗೆಯ ವಿಷಯದಲ್ಲಂತೂ ಇದನ್ನು ಬಿಡುವಂತೆಯೇ ಇಲ್ಲ. ಅದರ ಬೀಜವನ್ನು ಮುಚ್ಚಿರುವ ಕೆಂಪು ತಿರುಳು ಹಕ್ಕಿಗಳಿಗೆ ಹಾಕಿದ ಆಮಿಷ. ಪಿಕಳಾರದಂಥ ಹಕ್ಕಿಗಳು ಅದನ್ನು ಜೀರ್ಣಿಸಿಕೊಂಡು ಬೀಜವನ್ನು ಬೇರೆಡೆ ಉದುರಿಸುತ್ತವೆ. ಹಕ್ಕಿಯ ಹೊಟ್ಟೆ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಕೈ ಮಾಡಬೇಕು. ತಿರುಳು ಉಳಿದರೆ ಮೊಳಕೆ ತಡವಾಗುತ್ತದೆ, ಇರುವೆ ಮುತ್ತುತ್ತವೆ, ಬೂಸಲು ಹಿಡಿಯುತ್ತದೆ. ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಮರುದಿನ ಒರಟು ಮರಳಿನೊಂದಿಗೆ ಅಂಗೈಯಲ್ಲಿ ಉಜ್ಜಿ ತೊಳೆದರೆ ಕೆಂಪು ಕಳಚಿ, ಕರಿಕಂದು ಬಣ್ಣದ ಗಟ್ಟಿ ಬೀಜ ಉಳಿಯುತ್ತದೆ. ತೊಳೆದ ಬೀಜವನ್ನು ನೆರಳಿನಲ್ಲಿ ಮೈನೀರು ಆರುವವರೆಗೆ ಮಾತ್ರ ಹರಡಬೇಕು. ಒಂದೆರಡು ತಾಸು ಸಾಕು.

ನೀರಿಗೆ ಹಾಕಿ ತೇಲಿದ್ದನ್ನು ಚೆಲ್ಲುವ ರೂಢಿ ಎಲ್ಲ ಕಡೆ ಇದೆ. ಎಣ್ಣೆಬೀಜಗಳಲ್ಲಿ ನಾನು ಅದನ್ನೊಂದನ್ನೇ ನಂಬುವುದಿಲ್ಲ. ಐವತ್ತು ಬೀಜಗಳಿದ್ದರೆ ಐದನ್ನು ಬಲಿಕೊಟ್ಟು ಚಾಕುವಿನಿಂದ ಸೀಳಿ ನೋಡುವುದು ಉತ್ತಮ. ಒಳಗಿನ ತಿರುಳು ಬಿಗಿಯಾಗಿ, ಸಿಪ್ಪೆಗೆ ತಾಗಿಕೊಂಡು, ತಾಜಾ ಬಣ್ಣದಲ್ಲಿದ್ದರೆ ಬೀಜ ಜೀವಂತವಾಗಿದೆ. ಸಿಪ್ಪೆಯಿಂದ ಸರಿದು ಕುಗ್ಗಿದ್ದರೆ, ಕಂದು ತಿರುಗಿದ್ದರೆ, ಕಮಟು ವಾಸನೆ ಬಂದರೆ ಉಳಿದ ನಲವತ್ತೈದರ ಮೇಲೂ ಹೆಚ್ಚಿನ ಆಸೆ ಬೇಡ.

ಹಸಿಯಾಗಿ ಇಡುವ ಕ್ರಮ

ಕೂಡಲೇ ಬಿತ್ತಲು ಸಾಧ್ಯವಿದ್ದರೆ ಇಡುವ ಪ್ರಶ್ನೆಯೇ ಬರುವುದಿಲ್ಲ, ಹಾಗೆ ಬಿತ್ತುವುದೇ ಎಲ್ಲಕ್ಕಿಂತ ಮೇಲು. ಆದರೆ ಪಾತಿ ಸಿದ್ಧವಿರುವುದಿಲ್ಲ, ಬೀಜವನ್ನು ನೆಂಟರ ಊರಿಗೆ ಒಯ್ಯಬೇಕಾಗುತ್ತದೆ, ಅಥವಾ ಸುರಗಿ ಉದುರಿ ಎರಡು ವಾರವಾದರೂ ಮಳೆ ಹಿಡಿದಿರುವುದಿಲ್ಲ. ಅಂಥ ಸಂದರ್ಭಕ್ಕೆ ತೆಂಗಿನ ನಾರಿನ ಪುಡಿ ಅತ್ಯುತ್ತಮ. ಹೊಳೆಮರಳು ಅಥವಾ ಮರದ ಹೊಟ್ಟೂ ಆಗುತ್ತದೆ. ಕಡಲತೀರದ ಮರಳು ಮಾತ್ರ ಬೇಡ, ಅದರಲ್ಲಿರುವ ಉಪ್ಪು ಬೀಜದ ನೀರನ್ನು ಹೀರುತ್ತದೆ. ನಾರಿನ ಪುಡಿಯನ್ನು ಒಂದೆರಡು ಸಲ ತೊಳೆದು, ಮುಷ್ಟಿಯಲ್ಲಿ ಹಿಂಡಬೇಕು. ಹಿಂಡಿದಾಗ ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿನಿಂದ ಹನಿ ಜಾರಬಾರದು. ಇದಕ್ಕಿಂತ ಒದ್ದೆಯಾದರೆ ಬೀಜಕ್ಕೆ ಉಸಿರು ಕಟ್ಟಿ ಕೊಳೆಯುತ್ತದೆ. ಒಂದು ಪಾಲು ಬೀಜಕ್ಕೆ ಎರಡು ಮೂರು ಪಾಲು ಪುಡಿ ಬೆರೆಸಿ, ಬೀಜ ಬೀಜಕ್ಕೆ ತಾಗದಂತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ತುಂಬಿ, ಬಾಯಿಯನ್ನು ಸಡಿಲಾಗಿ ಕಟ್ಟಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಬೂಸಲು ಕಂಡ ಬೀಜವನ್ನು ಹೊರಗೆಸೆಯಬೇಕು. ಬೂಸಲನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೊಡರ್ಮಾದ ಪುಡಿ ಸಿಕ್ಕರೆ ನಾರಿನೊಂದಿಗೆ ಸ್ವಲ್ಪ ಬೆರೆಸಬಹುದು.

ಫ್ರಿಜ್ಜಿನ ಮೋಹವನ್ನು ಇಲ್ಲಿ ಬಿಡಬೇಕಾಗುತ್ತದೆ. ಒಣ ಬೀಜದ ಮಟ್ಟಿಗೆ ತಣ್ಣಗಿನ ಜಾಗ ಆಯುಷ್ಯ ಹೆಚ್ಚಿಸುತ್ತದೆ. ಉಷ್ಣವಲಯದ ಹಟಮಾರಿ ಬೀಜಗಳಲ್ಲಿ ಹೆಚ್ಚಿನವು 4–5 ಡಿಗ್ರಿ ಸೆಲ್ಸಿಯಸ್ ತಣ್ಪಿಗೆ ಗಾಸಿಗೊಳ್ಳುತ್ತವೆ, ನೀರು ತುಂಬಿದ ಬೀಜವನ್ನು ಫ್ರೀಜರಿನಲ್ಲಿಟ್ಟರೆ ಒಳಗೆ ಹಿಮದ ಹರಳು ಕಟ್ಟಿ ಕೋಶಗಳು ಒಡೆದೇಹೋಗುತ್ತವೆ. ಇದೇ ಕಾರಣಕ್ಕೆ ಬೀಜಭಂಡಾರಗಳು ಸಾಮಾನ್ಯ ಬೀಜವನ್ನು ಮೈನಸ್ 18 ಡಿಗ್ರಿಯಲ್ಲಿ ದಶಕಗಟ್ಟಲೆ ಇಡಬಲ್ಲವಾದರೂ ಇವನ್ನು ಇಡಲಾರವು. ಭ್ರೂಣವನ್ನಷ್ಟೇ ಬೇರ್ಪಡಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವ ಕಷ್ಟದ ದಾರಿಯನ್ನು ಹಿಡಿಯುತ್ತವೆ. ಮನೆಯ ಮಟ್ಟಿಗೆ ಮಣ್ಣಿನ ನೆಲದ ಕತ್ತಲೆ ಕೋಣೆ, ಕುಡಿಯುವ ನೀರಿನ ಮಡಕೆಯ ಪಕ್ಕ, ಅಥವಾ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ ಅದರೊಳಗೆ ಕೂರಿಸಿದ ಸಣ್ಣ ಮಡಕೆ ಸಾಕಾಗುತ್ತದೆ. ಆದರೆ ಕರಾವಳಿಯ ತೇವದ ಸೆಕೆಯಲ್ಲಿ ನೀರು ಆರುವುದು ನಿಧಾನವಾದ್ದರಿಂದ, ಈ ಎರಡು ಮಡಕೆಯ ಉಪಾಯ ಒಣ ಹವೆಯಲ್ಲಿ ಕೊಡುವಷ್ಟು ತಂಪನ್ನು ಅಲ್ಲಿ ಕೊಡುವುದಿಲ್ಲ.

ಬೀಜ ಎಷ್ಟು ಒಣಗಿತು ಎಂಬುದನ್ನು ಅಡುಗೆಮನೆಯ ತಕ್ಕಡಿಯಿಂದಲೇ ಲೆಕ್ಕ ಹಾಕಬಹುದು. ನೂರು ಗ್ರಾಂ ತಾಜಾ ಬೀಜದಲ್ಲಿ ಶೇ. 40ರಷ್ಟು ನೀರಿದೆ ಎಂದಿಟ್ಟುಕೊಳ್ಳಿ. ಒಣ ಪದಾರ್ಥ 60 ಗ್ರಾಂ ಆಯಿತು. ಅದೇ ಬೀಜ ಒಣಗಿ 80 ಗ್ರಾಂಗೆ ಇಳಿದರೆ ನೀರು 20 ಗ್ರಾಂ ಮಾತ್ರ ಉಳಿದಿದೆ, ಅಂದರೆ ಶೇ. 25. ಅನೇಕ ಹಟಮಾರಿ ಬೀಜಗಳು ಶೇ. 20ರಿಂದ 30ರ ನಡುವೆ ಎಲ್ಲೋ ಪ್ರಾಣ ಬಿಡುತ್ತವೆ. ಹಾಗಾಗಿ ತಂದ ದಿನದ ತೂಕವನ್ನು ಚೀಟಿಯಲ್ಲಿ ಬರೆದಿಟ್ಟು, ಬಿಡಿಯಾಗಿಟ್ಟ ಬೀಜ ಅದರಲ್ಲಿ ಹತ್ತನೆಯ ಒಂದು ಪಾಲು ಕಳೆದುಕೊಂಡರೆ ಎಚ್ಚರಗೊಳ್ಳಬೇಕು, ಐದನೆಯ ಒಂದು ಪಾಲು ಹೋದರೆ ತಡವಾಯಿತೆಂದೇ ತಿಳಿಯಬೇಕು.

ಕೊಟ್ಟೆಯಲ್ಲೇ ಬೇರು ಮೂಡಿದರೆ ಗಾಬರಿ ಬೇಡ. ಬೇರು ಮುರಿಯದಂತೆ ಎತ್ತಿ, ಕೆಳಮುಖವಾಗಿ ಚೀಲದ ಮಣ್ಣಿಗೆ ಇಳಿಸಿದರಾಯಿತು.

ಬಿತ್ತುವುದು

ಸುರಗಿ, ಅಶೋಕ, ನಾಗಸಂಪಿಗೆಗಳು ಮೊದಲು ತಾಯಿಬೇರನ್ನು ಆಳಕ್ಕೆ ಇಳಿಸುವುದರಿಂದ ಅವನ್ನು ಗಿಡ್ಡ ಕುಂಡದಲ್ಲಿ ಬಿತ್ತಬಾರದು. ಉದ್ದನೆಯ ನರ್ಸರಿ ಚೀಲವೇ ಬೇಕು. ಕೆಮ್ಮಣ್ಣು, ಮರಳು, ಕಳಿತ ಗೊಬ್ಬರ ಸಮಪಾಲು ಬೆರೆಸಿ, ಬೀಜವನ್ನು ಅದರ ದಪ್ಪದಷ್ಟೇ ಆಳದಲ್ಲಿ ಅಡ್ಡಡ್ಡ ಮಲಗಿಸಿ ಮುಚ್ಚಿದರೆ ಸಾಕು. ಸಂಪಿಗೆಯನ್ನು ಮರಳು ಹೆಚ್ಚಿರುವ ತಟ್ಟೆಯಲ್ಲೋ ಏರುಪಾತಿಯಲ್ಲೋ ಚೆಲ್ಲಿ ಅರ್ಧ ಅಂಗುಲ ಮರಳು ಮುಚ್ಚಬಹುದು. ಅಶೋಕ ಮೂರು ನಾಲ್ಕು ವಾರದಲ್ಲಿ ತಲೆ ಎತ್ತುತ್ತದೆ. ಸಂಪಿಗೆ ಒಂದರಿಂದ ಮೂರು ತಿಂಗಳು ಕಾಯಿಸುತ್ತದೆ, ಏಕೆಂದರೆ ಆ ಬಳಗದ ಬೀಜಗಳಲ್ಲಿ ಭ್ರೂಣ ತೀರ ಸಣ್ಣದು. ಉದುರಿದ ಮೇಲೆ ಒದ್ದೆಯಲ್ಲಿದ್ದುಕೊಂಡು ಒಳಗೇ ಬೆಳೆದು ಆಮೇಲಷ್ಟೇ ಸಿಪ್ಪೆ ಒಡೆಯುತ್ತದೆ. ಸುರಗಿಯ ಚೀಲವನ್ನೂ ಅವಸರಪಟ್ಟು ಬರಿದು ಮಾಡಬಾರದು.

ನಮ್ಮಲ್ಲಿ ಬಿತ್ತನೆಯ ಶತ್ರು ಒಣಗಿಗಿಂತ ಜೂನ್ ಜುಲೈ ತಿಂಗಳ ಜಡಿಮಳೆ. ಚೀಲದ ತಳದ ತೂತುಗಳು ಮುಚ್ಚಿದ್ದರೆ ಬೀಜ ಒಂದೇ ವಾರದಲ್ಲಿ ಕೊಳೆಯುತ್ತದೆ, ಮಳೆಹನಿ ನೇರ ಬಿದ್ದರೆ ಮಣ್ಣು ಸಿಡಿದು ಬೀಜ ಹೊರಬರುತ್ತದೆ. ಅಡಕೆ ಸೋಗೆಯ ಚಪ್ಪರ ಈ ಎರಡಕ್ಕೂ ಅರ್ಧ ಪರಿಹಾರ. ಚೀಲಗಳನ್ನು ನೆಲಕ್ಕೆ ತಾಗದಂತೆ ಜಲ್ಲಿಯ ಮೇಲೆ ಜೋಡಿಸುವುದು ಉಳಿದರ್ಧ. ಇಲಿ, ಹೆಗ್ಗಣಗಳಿಗೆ ದಪ್ಪ ಬೀಜ ಹಬ್ಬದೂಟ, ಆದ್ದರಿಂದ ಮೊಳಕೆ ಬರುವ ತನಕ ಮೇಲೆ ತಂತಿಬಲೆ ಹಾಸುವುದು ಒಳ್ಳೆಯದು.

ದೂರದ ಬಂಧುಗಳು, ಹತ್ತಿರದ ಅಪವಾದಗಳು

ಹಸಿಯಾಗಿ ಇಡುವ ಕ್ರಮ ನಮ್ಮ ಕಾಡಿನ ಮರಗಳಿಗೆ ಮಾತ್ರ ಸೀಮಿತವಲ್ಲ. ಯುರೋಪು, ಅಮೆರಿಕದ ತಂಪು ಕಾಡುಗಳಲ್ಲಿ ವಸಂತದಲ್ಲಿ ಅರಳುವ ಸ್ನೋಡ್ರಾಪ್, ಹೆಲ್ಲೆಬೋರ್, ಟ್ರಿಲಿಯಮ್‌ನಂಥ ಗಿಡಗಳ ಬೀಜಗಳನ್ನೂ ಅಲ್ಲಿನ ತೋಟಗಾರರು ವರ್ಮಿಕ್ಯುಲೈಟ್ ಎಂಬ, ನೀರು ಹಿಡಿದಿಡುವ ಹಗುರ ಖನಿಜದ ಒದ್ದೆ ಚೂರಿನಲ್ಲಿ ಬೆರೆಸಿ ಸಣ್ಣ ಚೀಲಗಳಲ್ಲಿ ಹಂಚಿಕೊಳ್ಳುತ್ತಾರೆ. ಅವುಗಳ ಬೀಜಕ್ಕೆ ಅಂಟಿರುವ ಎಣ್ಣೆಯ ಗಂಟಿನ ಆಸೆಗೆ ಇರುವೆಗಳು ಅವನ್ನು ಗೂಡಿಗೆ ಒಯ್ಯುತ್ತವೆ, ಅಲ್ಲಿನ ತೇವದಲ್ಲಿ ಎಳೆಯ ಭ್ರೂಣ ಬೆಳೆಯುತ್ತದೆ. ಆದರೆ ಅವಕ್ಕೆ ಬೇಸಿಗೆಯ ಬಿಸುಪಿನ ಬಳಿಕ ವಾರಗಟ್ಟಲೆ ಚಳಿಯೂ ಬೇಕು. ಶಿರಸಿಯ ಡಿಸೆಂಬರ್ ರಾತ್ರಿಗಳು ಅದಕ್ಕೆ ಸಾಲವು. ಅಂತರ್ಜಾಲದಲ್ಲಿ ಅವುಗಳ ಒಣ ಬೀಜದ ಪೊಟ್ಟಣ ತರಿಸಿದವರು ಎರಡು ಪಟ್ಟು ನಿರಾಶರಾಗುತ್ತಾರೆ.

ಅಲ್ಪಾಯುಷಿ ಬೀಜವೆಲ್ಲ ಹಟಮಾರಿಯೂ ಅಲ್ಲ. ಕುಮಟೆಯ ಸಿಹಿ ಈರುಳ್ಳಿ ಬೆಳೆಯುವವರಿಗೆ ಹಳೆಯ ಈರುಳ್ಳಿ ಬೀಜದ ಭರವಸೆಗೇಡಿತನ ಗೊತ್ತಿರುತ್ತದೆ. ಅದು ಒಣಗಿಸಿಯೇ ಇಡಬೇಕಾದ ಬೀಜ, ಆದರೂ ಸಾಮಾನ್ಯ ಕೋಣೆಯಲ್ಲಿ ಒಂದು ವರ್ಷ ದಾಟಿದರೆ ಬಲ ಕುಂದುತ್ತದೆ. ಆಸ್ಟರ್ ಹೂವಿನ ಬೀಜವೂ ಹೀಗೆಯೇ. ಇಂಥವಕ್ಕೆ ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಕೊಟ್ಟ ಸರಳ ಲೆಕ್ಕ ಅನ್ವಯಿಸುತ್ತದೆ: ಬೀಜದ ತೇವಾಂಶ ಶೇ. 14ರಿಂದ 5ರ ನಡುವೆ ಪ್ರತಿ ಶೇ. 1ರಷ್ಟು ಇಳಿದಾಗಲೂ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ. ಶೇ. 12ರಲ್ಲಿದ್ದ ಬೀಜವನ್ನು 8ಕ್ಕೆ ಇಳಿಸಿದರೆ ಹದಿನಾರು ಪಟ್ಟು. ಕರಾವಳಿಯಲ್ಲಿ ತೊಡಕಿರುವುದು ಒಣಗಿಸುವುದರಲ್ಲಲ್ಲ, ಒಣಗಿದ್ದನ್ನು ಉಳಿಸಿಕೊಳ್ಳುವುದರಲ್ಲಿ. ಏಪ್ರಿಲ್‌ನಲ್ಲಿ ಗರಿಗರಿಯಾದ ಬೀಜ ಕಾಗದದ ಪೊಟ್ಟಣದಲ್ಲಿದ್ದರೆ ಜುಲೈ ಗಾಳಿಯ ತೇವವನ್ನೆಲ್ಲ ಮರಳಿ ಹೀರುತ್ತದೆ. ಅದಕ್ಕೆ ಬಿಗಿ ಮುಚ್ಚಳದ ಗಾಜಿನ ಭರಣಿಯೂ, ತಳದಲ್ಲಿ ಹುರಿದು ಆರಿಸಿದ ಅಕ್ಕಿಯೋ ಒಣ ಇದ್ದಿಲಿನ ಚೂರೋ ಬೇಕು. ಅಬ್ಬಲಿಗೆಯನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಅದರ ಒಣ ಕಾಯಿ ನೀರು ತಾಗಿದ ಕೂಡಲೇ ಸಿಡಿದು ಬೀಜ ಚೆಲ್ಲುವುದರಿಂದ, ಮೊದಲ ಮಳೆಗೆ ಮುನ್ನ ತೆನೆಗಳನ್ನು ಕತ್ತರಿಸಿ ಬಟ್ಟೆಯ ಚೀಲದಲ್ಲಿಟ್ಟು, ಅದೇ ಮಳೆಗಾಲದಲ್ಲಿ ಬಿತ್ತಿ ಮುಗಿಸುವುದು ಲೇಸು.

ಸುರಗಿಯ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಅದರಲ್ಲಿ ಕೆಲವು ಮರಗಳು ಗಂಡು. ಹೂವನ್ನು ಧಾರಾಳವಾಗಿ ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಹೂ ಕಾಣಲು ಹಲವು ವರ್ಷ ಬೇಕಾಗುವುದರಿಂದ, ಸಸಿಯ ಹಂತದಲ್ಲಿ ಯಾವುದು ಯಾವುದೆಂದು ತಿಳಿಯುವಂತಿಲ್ಲ. ಮುಂದೆ ಬೀಜವೂ ಬೇಕೆನ್ನುವವರು ಒಂದೇ ಸಸಿಯನ್ನು ನೆಟ್ಟು ಕಾಯುವ ಬದಲು, ಮೂರು ನಾಲ್ಕನ್ನು ಹಿತ್ತಿಲ ಬೇರೆಬೇರೆ ಕಡೆ ನೆಟ್ಟು, ಉಳಿದ ಸಸಿಗಳನ್ನು ನೆರೆಮನೆಯವರಿಗೂ ಕೊಡುವುದು ಒಳ್ಳೆಯದು.